ಮನೆಯಲ್ಲೇ ಬಿದಿರಿನ ಬಿಲ್ಲು ಮಾಡಲು ಏನೇನು ಬೇಕು?

ಮಂಡ್ಯದ ಅಪ್ಪ:
ನಮಸ್ಕಾರ. ಹಿತ್ತಿಲಲ್ಲಿ ಶೆಡ್ ಖಾಲಿ ಇದೆ. ಮಗಳಿಗೆ ನನ್ನ ಕೈಯಾರೆ ಬಿದಿರಿನ ಬಿಲ್ಲು ಮಾಡಿಕೊಡಬೇಕು ಅಂತ ತುಂಬಾ ಆಸೆ. ಯಾವ ಉಪಕರಣ ಬೇಕು? ಬಿದಿರು ಎಲ್ಲಿ ತರಲಿ?

ಮೈಸೂರು ಮರಗೆಲಸ:
ಮಿಷನ್ ಯಾವುದೂ ಬೇಡ ಸಾರ್. ಅಲ್ಲಾಡದ ಬೆಂಚು, ಬಿದಿರನ್ನು ಗಟ್ಟಿಯಾಗಿ ಹಿಡಿದಿಡುವ ಬೈಸ್, ಮಚ್ಚು, ಅರ, ಉಪ್ಪುಕಾಗದ ಸಾಕು. ಬಿದಿರಿಗೆ ಮೈಸೂರಿನ ಬಂಬೂ ಬಜಾರಿಗೆ ಬನ್ನಿ. ಬಲಿತ, ಟೊಳ್ಳು ಕಡಿಮೆ ಇರುವ ಗಳ ಆರಿಸಿ. ಮಳೆ ಮುಗಿದ ಮೇಲೆ ಕಡಿದದ್ದಾದರೆ ಒಳ್ಳೆಯದು, ಹುಳು ಬೇಗ ಹತ್ತುವುದಿಲ್ಲ. ಸೀಳಿ ನೆರಳಲ್ಲೇ ಒಣಗಿಸಿ.

ಹೊರಮೈಯಲ್ಲಿ ನಾರು ದಟ್ಟವಾಗಿರುತ್ತದೆ. ಆ ಬದಿ ಗುರಿಯ ಕಡೆಗಿರಲಿ, ಅದನ್ನು ಕೆತ್ತಲೇಬೇಡಿ. ಕೆರೆಯುವುದೆಲ್ಲ ಒಳಮೈಯನ್ನು. ಗೋಡೆಗೆ ಗೂಟ ಹೊಡೆದು ಬಿಲ್ಲಿನ ನಡುಭಾಗ ಅದರ ಮೇಲೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ ಸ್ವಲ್ಪ ಸ್ವಲ್ಪವೇ ಕೆಳಗೆಳೆಯಿರಿ. ದೂರ ನಿಂತು ನೋಡಿ. ನಡುಭಾಗದ ಎರಡೂ ಕಡೆಯ ತೋಳುಗಳಲ್ಲಿ ಯಾವುದು ಕಡಿಮೆ ಬಾಗುತ್ತದೋ ಅದನ್ನು ಅರದಿಂದ ನಾಲ್ಕೇ ಎಳೆ ಉಜ್ಜಿ, ಮತ್ತೆ ಎಳೆದು ನೋಡಿ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಇದು. ಅವಸರ ಬೇಡ, ತೆಗೆದ ಬಿದಿರನ್ನು ಮತ್ತೆ ಅಂಟಿಸಲು ಆಗುವುದಿಲ್ಲ ಅಲ್ವಾ?

ಶ್ರೀರಂಗಪಟ್ಟಣದ ಅಕ್ಕ:
ಬಾಣದ ಕಡ್ಡಿ ಸೊಟ್ಟಗಿದ್ದರೆ ಕೆಂಡದ ಮೇಲೆ ಕಾಯಿಸಿ ನೇರ ಮಾಡಿ. ಬಾಣದ ಹಿಂಬದಿಗೆ ಅಂಟಿಸುವ ಮೂರೂ ಗರಿ ಒಂದೇ ಕಡೆಯ ರೆಕ್ಕೆಯವಾಗಿರಲಿ, ಇಲ್ಲದಿದ್ದರೆ ಬಾಣ ಸರಿಯಾಗಿ ಹಾರುವುದಿಲ್ಲ. ಬಾಣ ಇಲ್ಲದೆ ಹೆದೆ ಎಳೆದು ಬಿಡಬಾರದು ಅಂತ ಮಗುವಿಗೆ ಮೊದಲೇ ಹೇಳಿ, ಬಿಲ್ಲು ಮುರಿಯುತ್ತದೆ.

ಮಂಡ್ಯದ ಅಪ್ಪ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಂಟು ವರ್ಷದವಳಿಗೆ ಎಷ್ಟು ಬಿಗಿ ಇರಬೇಕು?

ಮೈಸೂರು ಮರಗೆಲಸ:
10ರಿಂದ 15 ಪೌಂಡ್ ಸಾಕು. ಲಗೇಜ್ ತೂಗುವ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ಅವಳು ಎಳೆಯುವಷ್ಟೇ ಎಳೆದು ನೋಡಿ.