ಅಪ್‌ಡೇಟ್: ಅಮ್ಮನ ಲಾಲಾರಸ ಗ್ರಂಥಿಯ ಕ್ಯಾನ್ಸರ್, ಎರಡನೆಯ ವರದಿ ಬಂದಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನ ಅಂಗುಳಿನಿಂದ ತೆಗೆದ ಗಂಟು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂದು ತಿಳಿದಾಗ, ಈ ಅಪರೂಪದ ಕ್ಯಾನ್ಸರಿನಲ್ಲಿ ಆಯುಷ್ಯವನ್ನು ನಿರ್ಧರಿಸುವ ಅಂಶಗಳು ಯಾವುವು ಎಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ.

ಗಡ್ಡೆಯ ತುಣುಕಿನ ಸ್ಲೈಡ್‌ಗಳನ್ನು ಇನ್ನೊಬ್ಬ ಪೆಥಾಲಜಿಸ್ಟರಿಗೆ (ಅಂಗಾಂಶ ಪರೀಕ್ಷಿಸುವ ವೈದ್ಯರಿಗೆ) ತೋರಿಸಿ ಎಂದವರ ಸಲಹೆಯೇ ಕೈಹಿಡಿಯಿತು. ಮೊದಲ ವರದಿಯಲ್ಲಿ ರೋಗದ ಹೆಸರಷ್ಟೇ ಇತ್ತು. ಎರಡನೆಯದರಲ್ಲಿ, ಗಡ್ಡೆಯ ಬಹುಭಾಗ ಜರಡಿಯಂತೆ ತೂತುತೂತಾಗಿದ್ದು, ಹೆಚ್ಚು ಅಪಾಯಕಾರಿಯಾದ ಘನರೂಪದ ಭಾಗ ಶೇ. 30ಕ್ಕಿಂತ ಕಡಿಮೆ ಇದೆ ಎಂದೂ, ಆದರೆ ಗಡ್ಡೆ ನರದ ಗುಂಟ ಹಬ್ಬಿದೆ, ಕತ್ತರಿಸಿದ ಒಂದು ಅಂಚಿಗೆ ತೀರಾ ಸಮೀಪವಿದೆ (ಅಂದರೆ ಒಳಗೆ ಸ್ವಲ್ಪ ಉಳಿದಿರಬಹುದು) ಎಂದೂ ಬರೆದಿದ್ದಾರೆ. ಅಂಗುಳು ಜೋಮು ಹಿಡಿದಂತಿದೆ ಎಂದು ಅಮ್ಮ ವರ್ಷದಿಂದ ಹೇಳುತ್ತಿದ್ದರು. ಅದು ನರದ ತೊಂದರೆಯ ಸೂಚನೆಯಾಗಿರಬಹುದೆಂದು ತಿಳಿಯದೆ, ಹಲ್ಲಿನ ತೊಂದರೆಯೆಂದು ನಾವು ಸುಮ್ಮನಿದ್ದೆವು. ದಯವಿಟ್ಟು ಯಾರೂ ಹಾಗೆ ಸುಮ್ಮನಿರಬೇಡಿ.

ಕೆಲವರು ಕೊಟ್ಟ ಕೀಮೋ ಸಲಹೆ ನಮಗೆ ಹೊಂದಲಿಲ್ಲ. ಈ ಕ್ಯಾನ್ಸರ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲವಂತೆ. ರೇಡಿಯೇಷನ್ ಸೋಮವಾರ ಆರಂಭ.

ನನಗೆ ಅಚ್ಚರಿಯಾದದ್ದು, ಈ ಕ್ಯಾನ್ಸರಿನಲ್ಲಿ 5 ವರ್ಷ ಬದುಕುಳಿದವರ ಅಂಕಿಅಂಶವನ್ನಷ್ಟೇ ನೋಡಿ ನಿಶ್ಚಿಂತರಾಗುವಂತಿಲ್ಲ ಎಂಬುದು: 10 ವರ್ಷ ಕಳೆದ ಮೇಲೂ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು, ಹಾಗೆ ಕಾಣಿಸಿಕೊಂಡರೂ ಹಲವರಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಅಮ್ಮನ ಎದೆಯ ಸ್ಕ್ಯಾನ್‌ನಲ್ಲಿ ಸದ್ಯಕ್ಕೆ ಏನೂ ಇಲ್ಲ.