ಟೆಂಪ್ಲೇಟಿನೊಳಗೆ ಕಾನ್ಸ್ಟ್ ನುಸುಳಿದರೆ ನೀವು ಏನು ಮಾಡುತ್ತೀರಿ?

ಕೇಳಿದವರು, ಕೋಲಾರ:
ಇಲ್ಲಿನ ಒಂದು ಟೊಮೆಟೊ ಮಂಡಿಗೆ ಸಿ++ನಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಪಾಯಿಂಟರ್ (ಪಟ್ಟಿ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ವಿಳಾಸ) ಮತ್ತು ಎಣಿಕೆ ಕೊಟ್ಟರೆ ಮೊತ್ತ ಹಾಕುವ ಟೆಂಪ್ಲೇಟ್ ಒಂದಿದೆ, ಅಂದರೆ ಬೇರೆ ಬೇರೆ ಟೈಪಿನ ಡೇಟಾಗೆ ಒಂದೇ ಅಚ್ಚಿನ ಫಂಕ್ಷನ್. ಹರಾಜು ನಡೆಯುವಾಗಿನ ಪಟ್ಟಿಗೆ ಚೆನ್ನಾಗಿ ಓಡುತ್ತದೆ. ಹರಾಜು ಮುಗಿದ ಮೇಲೆ 15 ಕೆ.ಜಿ. ಬಾಕ್ಸಿನ ದರ ಯಾರೂ ತಿದ್ದಬಾರದಲ್ಲ, ಹಾಗಾಗಿ ಆ ಪಟ್ಟಿಯನ್ನು ಕಾನ್ಸ್ಟ್ (ಓದಬಹುದು, ತಿದ್ದಲಾಗದು) ಮಾಡಿದೆ. ಅಷ್ಟೇ, ಕಂಪೈಲೇ ಆಗುತ್ತಿಲ್ಲ. ‘ಒಟ್ಟು’ ಅನ್ನುವ ವೇರಿಯಬಲ್ ಓದುವುದಕ್ಕೆ ಮಾತ್ರ ಅನ್ನುತ್ತದೆ. ಅದನ್ನು ನಾನು ಕಾನ್ಸ್ಟ್ ಮಾಡಿಯೇ ಇಲ್ಲ! ಎರಡು ಟೆಂಪ್ಲೇಟ್ ಬರೆಯಲೇ ಅಣ್ಣಾ?

ತುಮಕೂರಿನಿಂದ:
ಬೇಡ ತಮ್ಮಾ. ಹಾಗೆ ಬರೆದು ಕೆಟ್ಟವನು ನಾನು. ಒಂದು ಅಂಗಡಿಯ ಬಿಲ್ಲಿಂಗಿಗೆ ಇದೇ ತರಹ ಎರಡು ಪ್ರತಿ ಇಟ್ಟಿದ್ದೆ. ಪೈಸೆ ರೌಂಡ್ ಮಾಡುವುದನ್ನು ಒಂದರಲ್ಲಿ ಸರಿಮಾಡಿದೆ, ಇನ್ನೊಂದನ್ನು ಮರೆತೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಮಾಲೀಕರು ಎರಡು ಬಿಲ್ ತಂದು ಪಕ್ಕಪಕ್ಕ ಇಟ್ಟರು. ಇಡ್ಲಿ ಗಂಟಲಲ್ಲೇ ನಿಂತಿತು.

ನಿನ್ನ ಫಂಕ್ಷನ್ ‘ಟಿ*’, ಅಂದರೆ ‘ಟಿ’ ಅನ್ನೋ ಟೈಪಿನ ಪಾಯಿಂಟರ್, ತಗೊಳ್ಳುತ್ತಿದೆ, ಅಲ್ವಾ? ಕಾನ್ಸ್ಟ್ ಇಂಟ್ (ತಿದ್ದಲಾಗದ ಪೂರ್ಣಾಂಕ) ಪಟ್ಟಿ ಕೊಟ್ಟರೆ ಕಂಪೈಲರ್ ‘ಟಿ’ ಅಂದರೇನೇ ‘ಕಾನ್ಸ್ಟ್ ಇಂಟ್’ ಅಂತ ಹಿಡಿಯುತ್ತದೆ. ಒಳಗೆ ‘ಟಿ ಒಟ್ಟು = 0’ ಅಂತ ಬರೆದಿರುತ್ತೀಯ. ಅದೂ ಕಾನ್ಸ್ಟ್ ಆಯಿತು. ಸೊನ್ನೆ ಹಾಕಿ ಬೀಗ ಜಡಿದ ಹಾಗೆ, ಮೊದಲ ಬಾಕ್ಸೇ ಕೂಡಲಾಗದು.

ಮೊತ್ತ ಹಾಕುವುದಕ್ಕೆ ಪಟ್ಟಿಯನ್ನು ಓದಿದರೆ ಸಾಕು. ಹಾಗಾಗಿ ‘ಕಾನ್ಸ್ಟ್ ಟಿ*’ ಅಂತ ತಗೋ. ಎರಡೂ ಪಟ್ಟಿಗೆ ‘ಟಿ’ ಬರೀ ಇಂಟ್ ಆಗಿ ಬರುತ್ತದೆ. ‘ಟಿ*’ ಬಿಡಲಾಗದ ಕಡೆ ಮಾತ್ರ, ಒಳಗಿನ ವೇರಿಯಬಲಿಗೆ ಟೈಪಿನ ಕಾನ್ಸ್ಟ್ ತೆಗೆಯುವ ‘ರಿಮೂವ್ ಕಾನ್ಸ್ಟ್’ ಹಾಕು. ಸಿ++ನ 2011ರ ಸ್ಟ್ಯಾಂಡರ್ಡಿನಿಂದಲೂ ಇದೆ. ಕಾನ್ಸ್ಟ್ ಕಾಸ್ಟ್ ಮಾಡಿ, ಅಂದರೆ ಪಟ್ಟಿ ಕಾನ್ಸ್ಟ್ ಅಲ್ಲವೆಂದು ಬಲವಂತ ಮಾಡಿ, ಅದರ ಬೀಗವನ್ನೇ ಒಡೆಯಬೇಡ.

ಚಿಕ್ಕಬಳ್ಳಾಪುರದಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ‘ರಿಮೂವ್ ಕಾನ್ಸ್ಟ್’ ಮೇಲಿನ ಸಿಪ್ಪೆ ಮಾತ್ರ ಸುಲಿಯುತ್ತದೆ. ಟೆಂಪ್ಲೇಟಿಗೆ ‘ಕಾನ್ಸ್ಟ್ ಇಂಟ್*’ ಅನ್ನೋ ಪಾಯಿಂಟರ್ ಟೈಪೇ ಬಂದರೆ ಅದು ಏನೂ ಮಾಡುವುದಿಲ್ಲ. ಕಾನ್ಸ್ಟ್ ಇರುವುದು ಪಾಯಿಂಟರಿಗಲ್ಲ, ಅದು ತೋರಿಸುವ ಇಂಟಿಗೆ. ನನಗೆ ಒಂದಿಡೀ ಸಂಜೆ ಹೋಯಿತು ಇದರಲ್ಲಿ. ಪಾಯಿಂಟರ್ ಯಾವ ಟೈಪನ್ನು ತೋರಿಸುತ್ತದೆ ಎಂದು ಹೇಳುವ ‘ಐಟರೇಟರ್ ಟ್ರೇಟ್ಸ್’ನ ‘ವ್ಯಾಲ್ಯೂ ಟೈಪ್’ ಕೇಳಿ, ಬರೀ ಇಂಟ್ ಸಿಗುತ್ತದೆ.

ಇನ್ನೊಂದು. ‘ಕಾನ್ಸ್ಟ್ ಇಂಟ್’ಗಳ ವೆಕ್ಟರ್ (ಬೆಳೆಯಬಲ್ಲ ಪಟ್ಟಿ) ಮಾಡಲು ಹೋಗಬೇಡಿ, ಜಿಸಿಸಿ ಕಂಪೈಲರ್ ಒಪ್ಪುವುದಿಲ್ಲ. ಇಂಟ್ ವೆಕ್ಟರನ್ನೇ ಕಾನ್ಸ್ಟ್ ರೆಫರೆನ್ಸ್ ಆಗಿ, ಅಂದರೆ ನಕಲು ಮಾಡದೆ ಓದಲು ಮಾತ್ರ, ಕಳಿಸಿ.

ಮತ್ತೊಬ್ಬರು, ತುಮಕೂರು:
ಡಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೇ ಗೋಳು, ಸ್ವಲ್ಪ ಜಾಸ್ತಿಯೇ. ಅಲ್ಲಿ ಕಾನ್ಸ್ಟ್ ಅಂದರೆ ‘ನಾನು ತಿದ್ದಲ್ಲ’, ಇಮ್ಯೂಟಬಲ್ ಅಂದರೆ ‘ಯಾರೂ ತಿದ್ದಲ್ಲ’. ಎರಡೂ ಪಾಯಿಂಟರ್ ಹಿಡಿದು ಒಳಗಿನವರೆಗೂ ಇಳಿಯುತ್ತವೆ. ಸಿ++ನ ಕಾನ್ಸ್ಟ್ ಹಾಗಲ್ಲ, ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಕಟ್ಟು) ಕಾನ್ಸ್ಟ್ ಆಗಿದ್ದರೂ ಅದರೊಳಗಿನ ಪಾಯಿಂಟರ್ ತೋರಿಸುವ ಡೇಟಾ ತಿದ್ದಬಹುದು. ಡಿಯಲ್ಲಿ ಮೇಲಿನ ಸಿಪ್ಪೆ ಸುಲಿಯಲು ‘ಅನ್‌ಕ್ವಾಲ್’ ಇದೆ.

ಕೇಳಿದವರು, ಕೋಲಾರ:
‘ಕಾನ್ಸ್ಟ್ ಟಿ*’ ಮಾಡಿದೆ ಅಣ್ಣಾ, ಮೊತ್ತ ಬಂತು. ಆದರೆ ಈಗ ಕಮಿಷನ್ ಕಳೆಯುವ ಇನ್ನೊಂದು ಟೆಂಪ್ಲೇಟ್ ಕಂಪೈಲ್ ಆಗುತ್ತಿಲ್ಲ. ತೆಗೆದು ನೋಡಿದರೆ, ಕಮಿಷನ್ ಕಳೆದ ದರವನ್ನು ಸುಮ್ನೆ ಅದೇ ಪಟ್ಟಿಯ ಮೇಲೆ ಬರೆಯುತ್ತಿದ್ದೆ! ಅದಕ್ಕೆ ಬೇರೆ ಪಟ್ಟಿ ಮಾಡುತ್ತಿದ್ದೇನೆ.