‘ಪರ್ಸಿಸ್ಟರ್’ ಬ್ಯಾಕ್ಟೀರಿಯಾಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಒಂದು ಪದ ಕಾಡುತ್ತಿದೆ.

ಆಂಟಿಬಯಾಟಿಕ್ ಕೊಟ್ಟರೂ ಬ್ಯಾಕ್ಟೀರಿಯಾ ಸಾಯಲಿಲ್ಲ ಅಂದರೆ ಸಾಕು, ‘ಪ್ರತಿರೋಧ’ ಅಂತ ಬರೆದುಬಿಡುತ್ತೇವೆ. ಜೀನ್ ಬದಲಾಗಿ, ಔಷಧಿಯ ನಡುವೆಯೂ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಆ ಮಾತು ಸರಿ. ಆದರೆ ಜೀನ್ ಹಾಗೇ ಇದ್ದು, ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಬಿದ್ದುಕೊಂಡು ಉಳಿಯುವವೂ ಇವೆ. ಪೆನಿಸಿಲಿನ್ ಕೆಡಿಸುವುದು ಕೋಶದ ಗೋಡೆ ಕಟ್ಟುವ ಕೆಲಸವನ್ನು. ಕಟ್ಟುವುದೇ ನಿಂತಿದ್ದರೆ ಅದು ಏನನ್ನು ಕೆಡಿಸೀತು? 1944ರಲ್ಲಿ ಜೋಸೆಫ್ ಬಿಗ್ಗರ್ ಅನ್ನುವ ವಿಜ್ಞಾನಿ ಪೆನಿಸಿಲಿನ್‌ಗೆ ಸಾಯದೆ ಉಳಿದ ಕೆಲವೇ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳನ್ನು ಮತ್ತೆ ಬೆಳೆಸಿ ನೋಡಿದರು. ಅವುಗಳ ಮರಿಗಳು ಅದೇ ಪೆನಿಸಿಲಿನ್‌ಗೆ ಸತ್ತವು. ಹಾಗೆ ಉಳಿದವಕ್ಕೆ ಅವರು ಇಟ್ಟ ಹೆಸರೇ ಪರ್ಸಿಸ್ಟರ್.

ಇರುವ ಜಾಗದ ಪಾತ್ರವೂ ಇದೆ. ಕೀವು ತುಂಬಿದ ಕುರುವಿನಲ್ಲಿ ಆಮ್ಲಜನಕ ಕಡಿಮೆ, ಹುಳಿ ಜಾಸ್ತಿ. ಅಲ್ಲಿ ಜೆಂಟಮೈಸಿನ್ ಅನ್ನುವ ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಒಳಗೆ ಸರಿಯಾಗಿ ಹೋಗುವುದೇ ಇಲ್ಲ. ಕ್ಷಯಕ್ಕೆ ಕೊಡುವ ಪೈರಜಿನಮೈಡ್‌ಗೆ ಮಾತ್ರ ಹುಳಿಯೇ ಬೇಕು. ಇದಕ್ಕೆಲ್ಲ ನಮ್ಮ ಕಡೆಯ ‘ಔಷಧಿ ನಾಟಲಿಲ್ಲ’ ಅನ್ನುವ ಮಾತು ನನಗೆ ತುಂಬಾ ಇಷ್ಟ.

ಈ ಪಾಠದ ದಿನ ಪಾಂಡವಪುರದ ಕಡೆಯ ಒಬ್ಬ ಹುಡುಗಿ, “ಮೇಡಂ, ಇದು ಜೇಕಿನ ಥರ ಅಲ್ವಾ?” ಅಂದಳು. ಮಾರನೆಯ ದಿನ ಆ ಕಳೆಯನ್ನು ಗದ್ದೆ ಬದುವಿನಿಂದ ಕಿತ್ತು ತಂದೇಬಿಟ್ಟಳು. ದಾರದಂಥ ಬೇರಿಗೆ ಕಡಲೆಕಾಳಿನಷ್ಟು ಕಪ್ಪು ಗಡ್ಡೆಗಳು ಸಾಲಾಗಿ ಅಂಟಿಕೊಂಡಿದ್ದವು, ಇನ್ನೂ ಮಣ್ಣು ಮೆತ್ತಿತ್ತು. “ಔಷಧಿ ಹೊಡೆದರೆ ಮೇಲಿನ ಗರಿ ಒಣಗುತ್ತೆ. ಮಲಗಿರೋ ಗಡ್ಡೆಗೆ ಏನೂ ಆಗಲ್ಲ. ನೀರು ಬಿಟ್ಟರೆ ಎದ್ದು ಬರುತ್ತೆ. ಆಗ ಹೊಡೆದರೆ ಅದೂ ಒಣಗುತ್ತೆ.” ಬಿಗ್ಗರ್ ಕಂಡಿದ್ದೂ ಇದನ್ನೇ.

ಈಗ ಪದದ ವಿಷಯ. ಹೀಗೆ ಬೆಳೆಯದೆಯೂ ಔಷಧಿಯನ್ನು ತಡೆದುಕೊಂಡು ಉಳಿಯುವ ಗುಣಕ್ಕೆ ಇಂಗ್ಲಿಷಿನಲ್ಲಿ ಟಾಲರೆನ್ಸ್ ಅನ್ನುತ್ತಾರೆ. ಅದಕ್ಕೆ ‘ಸಹಿಷ್ಣುತೆ’ ಅಂದರೆ ಮಕ್ಕಳಿಗೆ ಧರ್ಮಗಳ ಸಹಬಾಳ್ವೆ ನೆನಪಾಗುತ್ತದೆ. ‘ತಾಳ್ಮೆ’ ಮನುಷ್ಯರ ಗುಣ. ‘ತಾಳಿಕೆ’ ಸರಿ ಅನ್ನಿಸುತ್ತದೆ, ಬಾಳಿಕೆ ತಾಳಿಕೆ ಅಂತ ಬಟ್ಟೆಗೂ ಹೇಳುತ್ತೇವಲ್ಲ. ಪರ್ಸಿಸ್ಟರ್‌ಗೆ ‘ಮೊಂಡುಜೀವಿ’ ಬೇಡ. ಇದು ಎದುರು ನಿಲ್ಲುವುದಿಲ್ಲ, ಮಲಗುತ್ತದೆ. ‘ಸುಪ್ತ’ವನ್ನು ರೋಗಲಕ್ಷಣವಿಲ್ಲದ ಕ್ಷಯಕ್ಕೆ ಬಳಸುವುದರಿಂದ ಗೊಂದಲ ಆಗುತ್ತದೆ.

ಕಬ್ಬಿನ ‘ಕೂಳೆ’ ಒಗ್ಗುತ್ತದಾ? ಕಡಿದ ಮೇಲೆ ಉಳಿದ ಬುಡದಿಂದ ಅದೇ ತಳಿ ಮತ್ತೆ ಚಿಗುರುತ್ತದೆ, ಅಲ್ವಾ. ಆದರೆ ಕೂಳೆಯನ್ನು ನಾವೇ ಬೇಕು ಅಂತ ಬಿಡುತ್ತೇವೆ. ಅದೊಂದು ಅಳುಕು. ನಿಮ್ಮ ಕಡೆ ಹೊಲದಲ್ಲಿ ಹೀಗೆ ಮಲಗಿ ಉಳಿದು ಮತ್ತೆ ಏಳುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.